ಮನೆಬಾಗಿಲು ತೆರೆದ ಊರು



ಮೇ 15 ಸಂತ ದಿಂಫ್ನಾರವರ ಸಾಂಪ್ರದಾಯಿಕ ಹಬ್ಬ. ಐರ್ಲೆಂಡಿನ ರಾಜಕುಮಾರಿಯಾದ ಈಕೆ, ಮಡದಿಯ ಮರಣದಿಂದ ಮತಿಗೆಟ್ಟ ತಂದೆಯಿಂದ ತಪ್ಪಿಸಿಕೊಂಡು ಇಂದಿನ ಬೆಲ್ಜಿಯಂನ ಗೇಲ್ ಎಂಬ ಊರಿಗೆ ಬಂದು, ಆತನ ಕೈಯಿಂದಲೇ ಹತರಾದರೆಂದು ಪರಂಪರೆ ಹೇಳುತ್ತದೆ. ಅವರ ಹೆಸರಿನಲ್ಲಿ ಆ ಊರು ಮಾಡಿದ ಸೇವೆಯಾದರೋ ಬರೀ ಐತಿಹ್ಯವಲ್ಲ, ಚರಿತ್ರೆ.

ಮನೋರೋಗ ಬೇರೆ, ಬುದ್ಧಿಮಾಂದ್ಯ ಬೇರೆ ಎಂದು ಜನ ಅರಿಯದ ಕಾಲವದು. ಇಬ್ಬರನ್ನೂ ಬಂಧುಗಳು ಒಂಬತ್ತು ದಿನಗಳ ಪ್ರಾರ್ಥನೆಗೆಂದು ಗೇಲ್‌ಗೆ ಕರೆತರುತ್ತಿದ್ದರು. 1480ರಲ್ಲಿ ದೇವಾಲಯದ ಪಕ್ಕದಲ್ಲೇ ಅವರಿಗಾಗಿ ಕೋಣೆಗಳನ್ನು ಕಟ್ಟಿಸಲಾಯಿತು. ಅಲ್ಲೂ ಸ್ಥಳ ಸಾಲದಾದಾಗ ಊರವರು ತಮ್ಮ ಮನೆಬಾಗಿಲು ತೆರೆದರು. ಪ್ರಾರ್ಥನೆಯ ದಿನಗಳು ಮುಗಿದರೂ ಅನೇಕರು ಅಲ್ಲೇ ಉಳಿದರು. ಹೊಲದಲ್ಲಿ, ಕೊಟ್ಟಿಗೆಯಲ್ಲಿ, ಅಡುಗೆಮನೆಯಲ್ಲಿ ಕೈಜೋಡಿಸಿ ಮನೆಯವರೇ ಆದರು. 1850ರಲ್ಲಿ ಸರಕಾರ ಈ ವ್ಯವಸ್ಥೆಯ ಹೊಣೆ ಹೊತ್ತಿತು. 1938ರಲ್ಲಿ ಇಂಥವರ ಸಂಖ್ಯೆ 3,700ನ್ನು ದಾಟಿತ್ತು.

ಇದೆಲ್ಲವೂ ಬರೀ ದಯೆಯಿಂದಲೇ ನಡೆಯಿತೆಂದರೆ ಸತ್ಯಕ್ಕೆ ಅಪಚಾರ. ಪೋಷಕ ಕುಟುಂಬಕ್ಕೆ ಹಣ ಸಲ್ಲುತ್ತಿತ್ತು, ದುಡಿಯುವ ಕೈಗಳೂ ಸಿಗುತ್ತಿದ್ದವು. ಆದರೆ ಆ ಕೈಗಳು ಸೋತ ಮೇಲೂ ಎಷ್ಟೋ ಮನೆಗಳು ಅವರನ್ನು ಹೊರಗೆ ಕಳುಹಿಸಲಿಲ್ಲ. ಮನೆಯ ಹಿರಿಯರು ತೀರಿಕೊಂಡಾಗ ಮಗನೋ ಮಗಳೋ ಅವರ ಹೊಣೆ ಹೊತ್ತರು. ಒಂದೇ ಕುಟುಂಬದಲ್ಲಿ 50 ವರ್ಷ ಬಾಳಿ ಮುದುಕರಾದವರೂ ಇದ್ದಾರೆ. ಮನೆಯ ಮಕ್ಕಳು ಅವರ ಕಣ್ಣೆದುರೇ ಬೆಳೆದರು. ಸಂತೆಗೆ, ಹಬ್ಬಕ್ಕೆ, ಪೂಜೆಗೆ ಅವರು ಬಂದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ.

ಬೇಸಾಯ ಕಡಿಮೆಯಾಗಿ, ಹೆಣ್ಣುಮಕ್ಕಳು ಹೊರಗೆ ದುಡಿಯತೊಡಗಿದಂತೆ ಇಂಥ ಕುಟುಂಬಗಳೂ ಕಡಿಮೆಯಾದವು. 2000ದ ದಶಕದ ಆರಂಭಕ್ಕೆ ಉಳಿದವರು ಸುಮಾರು 500 ಮಂದಿ. ಅವರಲ್ಲಿ ಬೌದ್ಧಿಕ ಅಂಗವೈಕಲ್ಯ ಉಳ್ಳವರೇ ಬಹಳ. ಮುಂದೆ ಆ ಸಂಖ್ಯೆ ಇನ್ನೂ ಇಳಿಯಿತು. ಆದರೂ ಪರಂಪರೆ ನಿಂತಿಲ್ಲ. 2023ರಲ್ಲಿ ಯುನೆಸ್ಕೋ ಇದನ್ನು ಪರಂಪರೆ ಉಳಿಸುವ ಉತ್ತಮ ಮಾದರಿಗಳ ಪಟ್ಟಿಗೆ ಸೇರಿಸಿತು.

ಪ್ರಿಯರೇ, ಹಿಂದೆ ನಾನಿದ್ದ ಧರ್ಮಕೇಂದ್ರದಲ್ಲಿ ಅರವತ್ತರ ಆಸುಪಾಸಿನ ಒಬ್ಬರಿದ್ದರು. ಮಾತು ಕಡಿಮೆ, ಲೆಕ್ಕ ಬಾರದು. ಪ್ರತಿ ಭಾನುವಾರ ತಾಯಿಯ ಕೈ ಹಿಡಿದು ಬಂದು, ಪೂಜೆ ಮುಗಿದ ಮೇಲೆ ಗೀತೆಯ ಪುಸ್ತಕಗಳನ್ನು ಒಟ್ಟುಮಾಡಿ ಇಡುತ್ತಿದ್ದರು. ತಾಯಿ ತೀರಿಕೊಂಡ ಮೇಲೆ ಅವರು ಬರುವುದು ನಿಂತಿತು. ಪುಸ್ತಕಗಳು ಬೆಂಚಿನ ಮೇಲೆ ಹಾಗೇ ಬಿದ್ದಿರುವುದನ್ನು ನಾನು ಕಂಡೆ. ಅವರೆಲ್ಲಿ ಎಂದು ಕೇಳಲು ಮಾತ್ರ ನನಗೆ ಎರಡು ತಿಂಗಳು ಬೇಕಾಯಿತು. ಅಣ್ಣನ ಮನೆಯ ಹಿಂದಿನ ಕೋಣೆಯಲ್ಲಿದ್ದರು. ಕರೆದುತರುವವರಿರಲಿಲ್ಲ, ಅಷ್ಟೆ.

ಔತಣಕ್ಕೆ ಯಾರನ್ನು ಕರೆಯಬೇಕೆಂದು ಪ್ರಭು ಯೇಸು ಸಂತ ಲೂಕರ ಶುಭಸಂದೇಶದ 14ನೆಯ ಅಧ್ಯಾಯದಲ್ಲಿ ಸ್ಪಷ್ಟವಾಗಿ ತಿಳಿಸಿದ್ದಾರೆ. ನಮ್ಮಲ್ಲಿ ಗೇಲ್ ಕಟ್ಟುವುದು ಸುಲಭವಲ್ಲ. ಆದರೆ ಹಬ್ಬದ ದಿನ ಒಂದು ಮನೆಯ ಬಾಗಿಲು ತಟ್ಟಿ, ಅವರನ್ನು ಜೊತೆಗೆ ಕರೆತಂದು, ಮಾಡಲು ಒಂದು ಕೆಲಸವನ್ನೂ ಕೊಡಬಹುದಲ್ಲವೇ? ಸಂತ ದಿಂಫ್ನಾರವರೇ, ನಮಗಾಗಿ ಪ್ರಾರ್ಥಿಸಿರಿ. ಆಮೆನ್.