ಮೆಹರ್ ಯಾರ ದುಡ್ಡು?

ಕನ್ನಡದಲ್ಲಿ ಬರೆಯುವವರು 'ಮೆಹರ್' ಎಂಬ ಮಾತು ಬಂದಾಗ ಪಕ್ಕದಲ್ಲೇ 'ವಧುದಕ್ಷಿಣೆ' ಎಂದು ಸೇರಿಸುವುದು ರೂಢಿ. ವರದಕ್ಷಿಣೆಗೆ ತಕ್ಕ ಜೋಡಿಪದದಂತೆ ಕೇಳಿಸುವುದರಿಂದ ಅದು ಅಲ್ಲಿಗೇ ಸರಿಹೋಯಿತು ಅನಿಸುತ್ತದೆ. ಆದರೆ ವರದಕ್ಷಿಣೆ ಹೆಣ್ಣಿನ ಮನೆಯಿಂದ ಗಂಡಿನ ಮನೆಗೆ ಹೋಗುವ ದುಡ್ಡು. ಮೆಹರ್ ಯಾವ ಮನೆಗೂ ಹೋಗುವಂಥದ್ದಲ್ಲ. ಮುಸ್ಲಿಂ ಮದುವೆಯಲ್ಲಿ ಗಂಡ ಅದನ್ನು ಕೊಡಬೇಕಾದದ್ದು ಮಾವನಿಗಲ್ಲ, ಭಾವನಿಗಲ್ಲ, ಮದುವೆಯಾಗುವ ಹೆಣ್ಣಿನ ಕೈಗೆ. ಕುರ್‌ಆನ್‌ನಲ್ಲಿ ಮೆಹರ್ ಎಂಬ ಪದ ಇಲ್ಲ. 'ಅನ್ನಿಸಾ' ಅಧ್ಯಾಯದ ನಾಲ್ಕನೆಯ ವಚನ 'ಸದುಕಾತ್' ಎನ್ನುತ್ತದೆ. ಸತ್ಯ ಎಂಬರ್ಥದ 'ಸಿದ್ಕ್' ಹುಟ್ಟಿದ್ದೂ ಅದೇ ಧಾತುವಿನಿಂದ. ಅದೇ ಅಧ್ಯಾಯದ ಇಪ್ಪತ್ತನೆಯ ವಚನ ಇನ್ನೂ ಖಂಡಿತ: ರಾಶಿ ಹೊನ್ನು ಕೊಟ್ಟಿದ್ದರೂ ಅದರಲ್ಲಿ ಏನನ್ನೂ ವಾಪಸ್ ಕೇಳಬೇಡಿ ಎನ್ನುತ್ತದೆ.

ಇಷ್ಟು ಗಟ್ಟಿಯಾದ ಹಕ್ಕು ಸೋರಿಹೋದದ್ದು ಎಲ್ಲಿ? ನಿಕಾಹ್‌ನಾಮೆಯ, ಅಂದರೆ ಮದುವೆಯ ಕರಾರುಪತ್ರದ, ಒಂದು ಸಾಲಿನಲ್ಲಿ. ತಕ್ಷಣ ಕೊಡುವ ಮೆಹರ್ 'ಮುಅಜ್ಜಲ್', ಮುಂದಕ್ಕೆ ಹಾಕಿದ್ದು 'ಮುವಜ್ಜಲ್'. ಅರಬಿಯಲ್ಲಿ ಎರಡಕ್ಕೂ ಅಕ್ಷರ ಬೇರೆ, ಆದರೆ ನಮ್ಮ ದಖನಿ ನಾಲಿಗೆಯಲ್ಲಿ ಹೆಚ್ಚುಕಡಿಮೆ ಒಂದೇ. ಮುಂದಕ್ಕೆ ಹಾಕಿದ್ದು ಬಹಳ ಕಡೆ ತಲಾಖ್ ಅಥವಾ ಸಾವಿನವರೆಗೂ ಹಾಗೇ ಉಳಿಯುತ್ತದೆ. ಗಂಡ ಸತ್ತರೆ ಮೆಹರ್ ಅವನ ಸಾಲ. ಆಸ್ತಿ ಪಾಲಾಗುವ ಮೊದಲು ಅದು ತೀರಬೇಕು. ನಡೆಯುವುದು ಬೇರೆ. ಗಂಡನ ಮಯ್ಯತ್ (ಶವ) ಎತ್ತುವ ಮುನ್ನ, ಅಳುತ್ತಿರುವ ಹೆಂಗಸಿನ ಬಳಿ ಬಂಧುಗಳು ಬಗ್ಗಿ, 'ಮೆಹರ್ ಮಾಫ್ ಮಾಡಿದೆ ಅಂತ ಹೇಳಮ್ಮ' ಎನ್ನುತ್ತಾರೆ. ಮನಸ್ಸು ಒಪ್ಪಿ ಬಿಟ್ಟುಕೊಟ್ಟರೆ ಮಾತ್ರ ಗಂಡ ಅದನ್ನು ಅನುಭವಿಸಬಹುದು ಎಂದು ಅದೇ ನಾಲ್ಕನೆಯ ವಚನ ಹೇಳುತ್ತದೆ. ಆ ಹೊತ್ತಿನಲ್ಲಿ ಯಾವ ಹೆಂಗಸಿನ ಮನಸ್ಸು ಅವಳ ಕೈಯಲ್ಲಿರುತ್ತದೆ? ತಲಾಖಿನ ಕಥೆಯೂ ಬೇರೆಯಲ್ಲ. ಜೀವನಾಂಶಕ್ಕಾಗಿ ನಡೆದ ಶಾ ಬಾನೊ ಪ್ರಕರಣದಲ್ಲಿ, 1932ರಲ್ಲಿ ಆದ ಮದುವೆಯ ಮೆಹರ್ ಎಂದು ಗಂಡ 1978ರ ತಲಾಖಿನ ನಂತರ ಕೋರ್ಟಿಗೆ ಕಟ್ಟಿದ್ದು 3000 ರೂಪಾಯಿ. ಮೆಹರ್ ತಲಾಖಿಗೆ ಕೊಡುವ ಬೆಲೆಯಲ್ಲ, ಹೆಂಡತಿಯ ಮೇಲಿನ ಗೌರವಕ್ಕಾಗಿ ಕೊಡುವಂಥದ್ದು ಎಂದು 1985ರಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಗಿ ಬಂತು.

ಇದು ಹೆಣ್ಣನ್ನು ಕೊಳ್ಳುವ ದುಡ್ಡಲ್ಲವೇ ಎಂದು ಕೇಳುವವರಿದ್ದಾರೆ. ಮಾರಾಟವಾಗಿದ್ದರೆ ದುಡ್ಡು ಮಾರಿದವನಿಗೆ ಸೇರುತ್ತಿತ್ತು. ಇಲ್ಲಿ ಅದು ಅವಳದೇ ಸ್ವತ್ತು. ಏನೂ ಇಲ್ಲದ ಬಡವನಿಗೆ ಪ್ರವಾದಿಯವರು ಕಬ್ಬಿಣದ ಉಂಗುರವಾದರೂ ಹುಡುಕಿ ತಾ ಎಂದರಲ್ಲ, ಕಡಿಮೆ ಮೆಹರೇ ಧರ್ಮವಲ್ಲವೇ ಎಂಬುದು ಇನ್ನೊಂದು ವಾದ. ಆ ಮಾತು ಕೈಯಲ್ಲಿ ಏನೂ ಇಲ್ಲದವನಿಗೆ ಹೇಳಿದ್ದು. ಶಾದಿಮಹಲಿಗೆ ಲಕ್ಷಗಟ್ಟಲೆ ಸುರಿದು, ಮೆಹರಿನ ಸಾಲಿನಲ್ಲಿ ಕೆಲವೇ ಸಾವಿರ ಬರೆಸುವವನು ಅದನ್ನು ಆಡಬಾರದು. ಅವನು ಕೊಟ್ಟೂ ಇರುವುದಿಲ್ಲ, ಬರೆಸಿರುತ್ತಾನಷ್ಟೆ.

ಮೂರನೆಯ ಆಕ್ಷೇಪ ಹೆಚ್ಚು ತೂಕದ್ದು. ಗಂಡು ಕೊಡುವವನು, ಹೆಣ್ಣು ಪಡೆಯುವವಳು ಎಂಬ ಕಟ್ಟಿನಲ್ಲೇ ಮೇಲುಕೀಳು ಇದೆ, ಆದ್ದರಿಂದ ಮೆಹರನ್ನೇ ಬಿಡೋಣ ಎನ್ನುವುದು. ಆ ಅಸಮಾನತೆ ಇದೆ, ನಾನು ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಇಂದು ಮೆಹರನ್ನು ಬಿಟ್ಟರೆ ಯಜಮಾನಿಕೆ ಹೋಗುವುದಿಲ್ಲ, ಹೆಣ್ಣಿನ ದುಡ್ಡಷ್ಟೇ ಹೋಗುತ್ತದೆ. ಗಂಡಿನ ಹಿರಿತನಕ್ಕೆ ಆಧಾರವಾಗಿ ತೋರಿಸುವ 'ಅನ್ನಿಸಾ'ದ ಮೂವತ್ತನಾಲ್ಕನೆಯ ವಚನ, ಅವನು ತನ್ನ ಸ್ವತ್ತಿನಿಂದ ಖರ್ಚು ಮಾಡುವುದನ್ನೂ ಕಾರಣವಾಗಿ ಹೇಳುತ್ತದೆ. ಹೀಗಿರುವಾಗ 'ಜೋಡೇ ಕಿ ರಕಮ್' ಎಂದು ಹೆಣ್ಣಿನ ತಂದೆಯಿಂದಲೇ ನಗದು ಎಣಿಸಿಕೊಂಡವನು ಯಾವ ಬಾಯಲ್ಲಿ ಆ ವಚನ ಓದುತ್ತಾನೆ? ಅವನ ಲೆಕ್ಕದಲ್ಲಿ ಖರ್ಚು ಮಾಡಿದವರು ಹೆಣ್ಣಿನ ಕಡೆಯವರು. ಇದನ್ನು ಸರಿಪಡಿಸಲು ಹೊಸ ಕಾನೂನು ಬೇಕಿಲ್ಲ. ದಫ್ತರಿಗೆ ಸಹಿ ಹಾಕಿಸುವ ಖಾಜಿಯವರು, ಮೆಹರ್ ಹುಡುಗಿಯ ಖಾತೆಗೆ ಜಮೆಯಾದ ರಸೀದಿಯನ್ನು ಮೊದಲು ಕೇಳಿದರೆ ಸಾಕು.