ಟ್ಯಾಂಕರ್ ನೀರು ಎಷ್ಟು ಲೀಟರ್ ಬಂತು? ಟೇಪ್ ಹಿಡಿದು ನೀವೇ ಲೆಕ್ಕ ಹಾಕಿ

ಬಸವಕಲ್ಯಾಣ/ಹುಮನಾಬಾದ್: ಬೇಸಿಗೆ ಬಂದರೆ ನಮ್ಮ ಎರಡೂ ತಾಲೂಕಿನಲ್ಲಿ ಓಣಿ ಓಣಿಗೆ ಟ್ಯಾಂಕರ್ ಓಡಾಟ ಶುರು. ‘ಐದು ಸಾವಿರ ಲೀಟರ್ ಅದರಿ’ ಅಂತಾರೆ, ನಾವು ರೊಕ್ಕ ಕೊಡ್ತೀವಿ. ಅಕ್ಕಿ, ಬ್ಯಾಳಿ ತೂಕ ಹಾಕಿಸಿ ತಗೊಳ್ಳೋ ನಾವು ನೀರು ಮಾತ್ರ ಬಾಯಿಮಾತಿನ ಮೇಲೆ ತಗೊಳ್ತೀವಿ. ಖಾನಾವಳಿ, ಚಹಾ ಅಂಗಡಿಯವರಿಗೆ ಇದು ದಿನದ ಖರ್ಚು. ಬೇಕಾಗಿರೋದು ಒಂದು ಟೇಪ್, ಒಂದು ಉದ್ದ ಕೋಲು, ಮೊಬೈಲಿನ ಕ್ಯಾಲ್ಕುಲೇಟರ್ ಅಷ್ಟೇ.

ಮೂಲ ಲೆಕ್ಕ

ಎಲ್ಲ ಅಳತೆ ಸೆಂಟಿಮೀಟರ್‌ನಲ್ಲಿ ತಗೊಳ್ಳಿ. 10 ಸೆಂ.ಮೀ. ಉದ್ದ, 10 ಅಗಲ, 10 ಎತ್ತರದ ಡಬ್ಬಿಯಲ್ಲಿ ಹಿಡಿಯೋದು ಸರಿಯಾಗಿ 1 ಲೀಟರ್. ಹಾಗಾಗಿ ಉದ್ದ, ಅಗಲ, ಆಳ ಗುಣಿಸಿ 1,000ದಿಂದ ಭಾಗಿಸಿದರೆ ಲೀಟರ್ ಸಿಗುತ್ತದೆ. ಒಂದು ಘನ ಮೀಟರ್ ಅಂದರೆ 1,000 ಲೀಟರ್.

ಚೌಕ ಸಂಪು

ಸಂಪಿನ ಒಳಗಿನ ಅಳತೆ 240 ಸೆಂ.ಮೀ. ಉದ್ದ, 180 ಅಗಲ, 150 ಆಳ ಇದೆ ಅಂದುಕೊಳ್ಳಿ. 240 × 180 × 150 ÷ 1,000 = 6,480 ಲೀಟರ್. ಇದು ಪೂರ್ತಿ ತುಂಬಿದಾಗ.

ಟ್ಯಾಂಕರ್ ಪರೀಕ್ಷೆಗೆ ಪೂರ್ತಿ ಆಳ ಬೇಕಾಗಿಲ್ಲ. 240 × 180 ÷ 1,000 = 43.2. ಅಂದರೆ ಈ ಸಂಪಿನಲ್ಲಿ ನೀರು 1 ಸೆಂ.ಮೀ. ಏರಿದರೆ 43.2 ಲೀಟರ್ ಬಂದಂಗೆ. ನೀರು ಬಿಡೋ ಮೊದಲು ತೊಳೆದ ಕೋಲು ಇಳಿಸಿ, ಎಷ್ಟು ನೆನೆದಿದೆ ಅಳೆಯಿರಿ. ಟ್ಯಾಂಕರ್ ಖಾಲಿ ಆದ ಮೇಲೆ ಅದೇ ಜಾಗದಲ್ಲಿ ಮತ್ತೆ ಅಳೆಯಿರಿ. 20 ಇದ್ದದ್ದು 125 ಆದರೆ ಏರಿದ್ದು 105 ಸೆಂ.ಮೀ. 43.2 × 105 = 4,536 ಲೀಟರ್. ಹೇಳಿದ್ದು 5,000, ಬಂದದ್ದು ಇಷ್ಟು.

ಕೆಳಗೆ ಹೂಳು ಕೂತಿದ್ದರೂ ಈ ಲೆಕ್ಕ ತಪ್ಪೋದಿಲ್ಲ, ಯಾಕಂದರೆ ನಾವು ನೋಡೋದು ಏರಿದ್ದನ್ನ ಮಾತ್ರ. ಆದರೆ ನೀರು ಬೀಳುವಾಗ ಮೋಟಾರ್ ಬಂದ್ ಇರಲಿ, ಯಾರೂ ನೀರು ಸೇದಬಾರದು. ಅಳೆಯೋಕೆ ಅಂತ ಸಂಪಿನೊಳಗೆ ಇಳಿಯಲೇಬೇಡಿ, ಒಳಗೆ ಉಸಿರುಗಟ್ಟುವ ಅಪಾಯ ಇರುತ್ತದೆ.

ಗುಂಡನೆ ಟಾಕಿ, ಡ್ರಮ್

ಒಂದು ಅಂಚಿನಿಂದ ಎದುರಿನ ಅಂಚಿಗೆ, ಸರಿಯಾಗಿ ನಡುವೆ ಅಳೆದು, ಅದರ ಅರ್ಧ ಮಾಡಿ. ಅರ್ಧ × ಅರ್ಧ × 3.14 × ನೀರಿನ ಎತ್ತರ ÷ 1,000. ಡ್ರಮ್ಮಿನ ಅಡ್ಡಗಲ 56 ಸೆಂ.ಮೀ., ನೀರು 85 ಇದ್ದರೆ 28 × 28 × 3.14 × 85 ÷ 1,000 = ಸುಮಾರು 209 ಲೀಟರ್. ಅರ್ಧ ಮಾಡೋದು ಮರೆತರೆ ಉತ್ತರ ನಾಲ್ಕು ಪಟ್ಟು ಬರುತ್ತದೆ. ಹೆಚ್ಚಿನವರು ತಪ್ಪೋದು ಇಲ್ಲೇ.

ಟ್ಯಾಂಕರ್ ಅಳೆಯೋದು

ಮೊಟ್ಟೆಯಾಕಾರದ ಟ್ಯಾಂಕರ್ ಆದರೆ ಅಗಲದ ಅರ್ಧ × ಎತ್ತರದ ಅರ್ಧ × 3.14 × ಉದ್ದ ÷ 1,000. ಅಗಲ 160, ಎತ್ತರ 120, ಉದ್ದ 300 ಸೆಂ.ಮೀ. ಇದ್ದರೆ 80 × 60 × 3.14 × 300 ÷ 1,000 = ಸುಮಾರು 4,520 ಲೀಟರ್. ಅದು ಬಾಯಿತನಕ ತುಂಬಿದ್ದರೆ ಮಾತ್ರ. ಇಂಥ ಟ್ಯಾಂಕರ್‌ನಲ್ಲಿ ಕಾಲು ಎತ್ತರ ನೀರಿದ್ದರೆ ಕಾಲು ಟ್ಯಾಂಕರ್ ಅಲ್ಲ, ಐದರಲ್ಲಿ ಒಂದು ಪಾಲು. ಹಾಗಾಗಿ ಸಂಪಿನ ಅಳತೆಯೇ ನಂಬಿಕೆಯದು.

ಗೌಂಡಿ ಫೂಟಿನಲ್ಲಿ ಹೇಳಿದರೆ?

ಫೂಟು ಲೆಕ್ಕದಲ್ಲಿ ಉದ್ದ, ಅಗಲ, ಆಳ ಗುಣಿಸಿ 28.3ರಿಂದ ಗುಣಿಸಿ. 8 × 6 × 5 ಫೂಟಿನ ಸಂಪು ಅಂದರೆ 240 × 28.3 = ಸುಮಾರು 6,800 ಲೀಟರ್.

ಕಡಿಮೆ ಬಂದರೆ ಎಷ್ಟು ನಷ್ಟ?

ಜಲಜೀವನ್ ಮಿಷನ್ ಲೆಕ್ಕ ಒಬ್ಬರಿಗೆ ದಿನಕ್ಕೆ 55 ಲೀಟರ್. ಐದು ಜನರ ಮನೆಗೆ 275. ಮೇಲಿನ ಉದಾಹರಣೆಯಲ್ಲಿ ಕಡಿಮೆಯಾದ 464 ಲೀಟರ್ ಅಂದರೆ ಆ ಮನೆಯ ಒಂದೂವರೆ ದಿನಕ್ಕೂ ಹೆಚ್ಚಿನ ನೀರು. 800 ರೂಪಾಯಿ ಕೊಟ್ಟಿದ್ದರೆ ಲೀಟರಿಗೆ 16 ಪೈಸೆ ಬದಲು 17.6 ಪೈಸೆ ಕೊಟ್ಟಂಗಾಯ್ತು.

ಐದು ಹತ್ತು ಲೀಟರ್ ಹೆಚ್ಚುಕಡಿಮೆಗೆ ಜಗಳ ಬೇಡ, ಟೇಪಿನಲ್ಲೂ ಅಷ್ಟು ತಪ್ಪು ಬರುತ್ತದೆ. ನೂರಾರು ಲೀಟರ್ ಫರಕು ಪ್ರತಿ ಸಲ ಬಂದರೆ ಮೊದಲು ಟ್ಯಾಂಕರ್‌ನವರ ಎದುರಿಗೇ ಅಳೆದು ತೋರಿಸಿ, ರೊಕ್ಕ ಬಂದ ನೀರಿಗೆ ಮಾತ್ರ ಅನ್ನಿ. ಹೇಳಿದ ಅಳತೆಗಿಂತ ಕಡಿಮೆ ಕೊಡೋದು 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ ಪ್ರಕಾರ ಅಪರಾಧ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು.

ನಿಮ್ಮ ಸಂಪಿನ ‘1 ಸೆಂ.ಮೀ.ಗೆ ಎಷ್ಟು ಲೀಟರ್’ ಅನ್ನೋದನ್ನ ಇವತ್ತೇ ಲೆಕ್ಕ ಹಾಕಿ, ಮುಚ್ಚಳದ ಹತ್ತಿರ ಪೇಂಟಿನಲ್ಲಿ ಬರೆದಿಡಿ. ಮುಂದಿನ ಟ್ಯಾಂಕರ್ ಬಂದಾಗ ಕೋಲು ಇಳಿಸಿದರೆ ಸಾಕು.