ಕಣದ ಆಟ, ತೆರೆಯ ಆಟ

ಹಳೆಯ ವಿದ್ಯಾರ್ಥಿಗಳು ಈಗ ತಾವೇ ತಂದೆತಾಯಿಗಳಾಗಿ ಎದುರಾದಾಗ ಆಗಾಗ ಕೇಳುವ ಪ್ರಶ್ನೆಯೊಂದಿದೆ: "ಸಾರ್, ಹುಡುಗ ಮೊಬೈಲ್ ಬಿಟ್ಟು ಏಳುವುದೇ ಇಲ್ಲ. ಎದ್ದು ಕುಣಿದರೆ ಮಾತ್ರ ನಡೆಯುವ ವಿಡಿಯೋ ಗೇಮುಗಳು ಇವೆಯಂತಲ್ಲ, ಅಂಥದ್ದನ್ನು ತಂದುಕೊಡಬಹುದೇ?" ಪ್ರಶ್ನೆ ಹಗುರವಾದುದಲ್ಲ. ಐದರಿಂದ ಹದಿನೇಳು ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬೆವರುವಂಥ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಕಾಲದಲ್ಲಿ ಈ ಅರವತ್ತು ನಿಮಿಷವನ್ನು ಯಾರೂ ಎಣಿಸಿದವರಿಲ್ಲ. ಇಂದು ಎಣಿಸಬೇಕಾಗಿ ಬಂದಿರುವುದೇಕೆ ಎಂಬುದನ್ನು ಮೊದಲು ನೋಡಿ, ಆಮೇಲೆ ಯಂತ್ರದ ವಿಚಾರಕ್ಕೆ ಬರೋಣ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಇಂದು ಒಂದೇ ದಾವಣಗೆರೆ ಜಿಲ್ಲೆಯ ತಾಲ್ಲೂಕುಗಳು. 1997ರಲ್ಲಿ ಈ ಜಿಲ್ಲೆ ಹುಟ್ಟುವ ಮೊದಲು ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗಕ್ಕೆ ಸೇರಿದ್ದವು, ಜಗಳೂರು ಚಿತ್ರದುರ್ಗಕ್ಕೆ. ನ್ಯಾಮತಿಯಂತೂ ತೀರ ಈಚೆಗೆ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾಯಿತು. ಮಲೆನಾಡಿನ ಸೆರಗಿನಿಂದ ಬಯಲುಸೀಮೆಯ ಬರದ ನೆಲದವರೆಗೆ ಹರಡಿರುವ ಈ ಪ್ರದೇಶದಲ್ಲಿ ಮಣ್ಣು, ಮಳೆ, ಬೆಳೆ ಬೇರೆ ಬೇರೆ. ಆದರೆ ಮಕ್ಕಳ ಆಟದ ಪಂಚಾಂಗ ಮಾತ್ರ ಹೆಚ್ಚುಕಡಿಮೆ ಒಂದೇ ಆಗಿತ್ತು.

ಆ ಪಂಚಾಂಗವನ್ನು ಬರೆದದ್ದು ಬೇಸಾಯ. ಸುಗ್ಗಿ ಬಂದಾಗ ಊರ ಹೊರಗೆ ಕಣ ಮಾಡುತ್ತಿದ್ದರು. ನೆಲ ಕೆತ್ತಿ, ನೀರು ಹನಿಸಿ, ಬಡಿದು, ಸಗಣಿಯಿಂದ ಸಾರಿಸಿ, ರೋಣಗಲ್ಲು ಉರುಳಿಸಿ ಒಕ್ಕಣೆ ಮಾಡುತ್ತಿದ್ದರು. ರಾಶಿ ಎತ್ತಿ ಕಾಳು ಮನೆ ಸೇರಿದ ಮೇಲೆ ಆ ನುಣ್ಣನೆಯ ನೆಲ ಯಾರಿಗೂ ಬೇಡವಾಗುತ್ತಿತ್ತು, ಮಕ್ಕಳಿಗೆ ಹೊರತು! ಮುಂಗಾರು ಬೀಳುವವರೆಗೆ ಅದೇ ನಮ್ಮ ಕ್ರೀಡಾಂಗಣ. ಚಿನ್ನಿದಾಂಡು, ಲಗೋರಿ, ಬುಗುರಿ, ಕಬಡ್ಡಿ ಎಲ್ಲವೂ ಅಲ್ಲಿಯೇ, ಬೆಳದಿಂಗಳಿದ್ದರೆ ಊಟವಾದ ಮೇಲೂ ಅಲ್ಲಿಯೇ. ಹೊನ್ನಾಳಿಯ ಕಡೆಯವರಿಗೆ ಬೇಸಿಗೆಯಲ್ಲಿ ತುಂಗಭದ್ರೆಯ ಮರಳ ದಂಡೆಯಿತ್ತು. ಜಗಳೂರಿನ ಕಡೆ ಕೆರೆಗಳಲ್ಲಿ ನೀರು ನಿಲ್ಲುತ್ತಿದ್ದುದೇ ಅಪರೂಪ, ಆದ್ದರಿಂದ ಕೆರೆಯಂಗಳವೇ ಬಯಲು. ಒಟ್ಟಿನಲ್ಲಿ ಸರ್ಕಾರ ಒಂದು ಚದರಡಿ ಕೊಡದೆಯೂ ಮಕ್ಕಳಿಗೆ ಎಕರೆಗಟ್ಟಲೆ ಜಾಗವಿತ್ತು.

ಈ ಚಿತ್ರಕ್ಕೆ ಬರೀ ಚಿನ್ನದ ಲೇಪ ಹಚ್ಚುವುದು ನ್ಯಾಯವಲ್ಲ. ಆ ಕಣ ಎಲ್ಲರದೂ ಆಗಿರಲಿಲ್ಲ. ಕೇರಿಯ ಹುಡುಗರ ಆಟ ಕೇರಿಯಲ್ಲಿ, ಊರ ಹುಡುಗರ ಆಟ ಊರಲ್ಲಿ ಎಂಬ ಗೆರೆಯನ್ನು ಮಕ್ಕಳು ಬಹು ಬೇಗ ಕಲಿಯುತ್ತಿದ್ದರು. ಹೆಣ್ಣುಮಕ್ಕಳು ಕುಂಟೆಬಿಲ್ಲೆ ಆಡುತ್ತಿದ್ದುದು ಮನೆಯ ಮುಂದೆ, ಅದೂ ದೊಡ್ಡವರಾಗುವವರೆಗೆ ಮಾತ್ರ. ಅನಂತರ ಅಳಿಗುಳಿಮಣೆ, ಪಗಡೆ. ಕುಳಿತು ಆಡುವ ಆಟವೆಂಬುದು ವಿಡಿಯೋ ಗೇಮಿನಿಂದ ಬಂದದ್ದಲ್ಲ. ನಮ್ಮ ಸಮಾಜ ಅರ್ಧದಷ್ಟು ಮಕ್ಕಳನ್ನು ಅದಕ್ಕೂ ಬಹಳ ಮೊದಲೇ ಕೂರಿಸಿತ್ತು.

ಆ ಬಯಲುಗಳು ಏನಾದವು? ಭದ್ರಾ ನಾಲೆಯ ನೀರು ಬಂತು, ಕೊಳವೆಬಾವಿ ಬಂತು, ಚನ್ನಗಿರಿಯ ಸುತ್ತ ಅಡಿಕೆ ತೋಟ ಬೆಳೆಯಿತು. ತೋಟಕ್ಕೆ ಒಕ್ಕಣೆಯ ಕಣ ಬೇಡ. ಬಯಲಿನಲ್ಲಿ ಮೆಕ್ಕೆಜೋಳ ಹಬ್ಬಿತು, ಕಾಳು ಬಿಡಿಸಲು ಯಂತ್ರ ಬಂತು, ಉಳಿದ ಒಕ್ಕಣೆ ಡಾಂಬರು ರಸ್ತೆಯ ಮೇಲಾಯಿತು. ಹೊಳೆಯ ಮರಳು ಲಾರಿ ಹತ್ತಿತು. ಬರದ ಕೆರೆಗಳಲ್ಲಿ ಬಳ್ಳಾರಿ ಜಾಲಿ ಬೆಳೆಯಿತು. ಜಗಳೂರು ಸೀಮೆಗೆ ತುಂಗಭದ್ರೆಯ ನೀರೆತ್ತಿ 57 ಕೆರೆಗಳನ್ನು ತುಂಬಿಸುವ ಯೋಜನೆ ಬಂದ ಮೇಲೆ ಎಷ್ಟೋ ಅಂಗಳಗಳಲ್ಲಿ ನೀರು ನಿಂತಿದೆ. ಆಟದ ಬಯಲು ಮುಳುಗಿತೆಂದು ಇದಕ್ಕೆ ಯಾರೂ ಅಳಲಾರರು, ನಾನಂತೂ ಅಳಲಾರೆ. ಇವುಗಳಲ್ಲಿ ಮಕ್ಕಳಿಗೆ ಕೇಡು ಬಗೆದು ಮಾಡಿದ್ದು ಒಂದೂ ಇಲ್ಲ. ಆದರೂ ಎಲ್ಲವೂ ಸೇರಿ ಮಕ್ಕಳನ್ನು ಮನೆಯೊಳಕ್ಕೆ ತಳ್ಳಿದವು. ಟಿ.ವಿ. ಬಂದದ್ದು, ಅದಕ್ಕೆ ಸಿಕ್ಕಿಸುವ ಕ್ಯಾಸೆಟ್ ಗೇಮು ಬಂದದ್ದು ಹೀಗೆ ಒಳಗೆ ಬಂದ ಮಕ್ಕಳ ಬಳಿಗೆ. 2020ರಲ್ಲಿ ಕೊರೊನಾ ಬಂದು ಶಾಲೆ ಮುಚ್ಚಿದಾಗ ಪಾಠದ ನೆಪದಲ್ಲಿ ಮೊಬೈಲನ್ನು ನಾವೇ ಮಕ್ಕಳ ಕೈಗಿಟ್ಟೆವು.

ಇನ್ನು ಯಂತ್ರದ ಕಥೆ. ಮಕ್ಕಳನ್ನು ತೆರೆಯ ಮುಂದೆ ಕುಣಿಸುವ ಯೋಚನೆ ಹೊಸದಲ್ಲ. 1986ರಲ್ಲಿಯೇ ಜಪಾನಿನ ಬಂಡೈ ಕಂಪನಿ 'ಫ್ಯಾಮಿಲಿ ಟ್ರೇನರ್' ಎಂಬ ಚಾಪೆಯನ್ನು ಮಾರಾಟಕ್ಕೆ ತಂದಿತು. ಅದರ ಒಂದು ಮಗ್ಗುಲಲ್ಲಿ ಹನ್ನೆರಡು ಗುಂಡಿಗಳು. ಮಗು ಅವುಗಳ ಮೇಲೆ ಓಡಿದರೆ ತೆರೆಯ ಮೇಲಿನ ಗೊಂಬೆಯೂ ಓಡುತ್ತಿತ್ತು. ಎರಡು ವರ್ಷಗಳ ಬಳಿಕ ಅದೇ 'ಪವರ್ ಪ್ಯಾಡ್' ಎಂಬ ಹೆಸರಿನಲ್ಲಿ ಅಮೆರಿಕಕ್ಕೆ ಹೋಯಿತು. 1998ರಲ್ಲಿ ಕೊನಾಮಿ ಕಂಪನಿಯ 'ಡಾನ್ಸ್ ಡಾನ್ಸ್ ರೆವಲ್ಯೂಷನ್' ಬಂತು. ನಾಲ್ಕು ದಿಕ್ಕಿಗೆ ನಾಲ್ಕು ಬಾಣ, ಹಾಡಿನ ತಾಳಕ್ಕೆ ಸರಿಯಾಗಿ ಬಾಣದ ಮನೆಗೆ ಕಾಲಿಡಬೇಕು. ಇದನ್ನು ನೋಡಿದಾಗ ನನಗೆ ಕುಂಟೆಬಿಲ್ಲೆಯ ಮನೆಗಳು ಕಣ್ಣಿಗೆ ಕಟ್ಟಿದವು. ಒಂದು ತುಂಡು ಇದ್ದಿಲಿನಲ್ಲಿ ನಮ್ಮ ಅಕ್ಕತಂಗಿಯರು ಬರೆಯುತ್ತಿದ್ದುದನ್ನು ಅವರು ವಿದ್ಯುತ್ತಿನಲ್ಲಿ ಬರೆದಿದ್ದರು. 2003ರಲ್ಲಿ ಸೋನಿಯ ಕ್ಯಾಮೆರಾ 'ಐಟಾಯ್', 2006ರಲ್ಲಿ ಕೈಯಾಡಿಸಿ ಟೆನಿಸ್ ಆಡುವ ನಿಂಟೆಂಡೊ 'ವೀ', 2010ರಲ್ಲಿ ಕೈಯಲ್ಲಿ ಏನನ್ನೂ ಹಿಡಿಯದೆ ಇಡೀ ಮೈಯನ್ನೇ ಗುರುತಿಸುವ ಮೈಕ್ರೋಸಾಫ್ಟಿನ 'ಕೈನೆಕ್ಟ್'. ವೀ ಹತ್ತು ಕೋಟಿಗೂ ಮಿಕ್ಕಿ ಮಾರಾಟವಾಯಿತು. ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯವು ತನ್ನ 765 ಸರ್ಕಾರಿ ಶಾಲೆಗಳಿಗೂ ಆ ಕುಣಿತದ ಆಟವನ್ನು ಒದಗಿಸುವುದಾಗಿ 2006ರಲ್ಲಿ ಸಾರಿತು.

ಆಮೇಲೆ ವಿದ್ವಾಂಸರು ಅಳೆಯಲು ಕುಳಿತರು. 2007ರಲ್ಲಿ ಲಿವರ್‌ಪೂಲಿನಲ್ಲಿ ಹನ್ನೊಂದು ಮಕ್ಕಳನ್ನು ಪರೀಕ್ಷಿಸಿದಾಗ, ಕುಳಿತಾಡುವ ಗೇಮಿಗಿಂತ ವೀ ಆಟದಲ್ಲಿ ಹೆಚ್ಚು ಶಕ್ತಿ ವ್ಯಯವಾಗುತ್ತದೆ, ಆದರೆ ನಿಜವಾದ ಆಟದಷ್ಟಲ್ಲ ಎಂದು ಕಂಡಿತು. 2011ರ ನ್ಯೂಜಿಲೆಂಡ್ ಅಧ್ಯಯನದಲ್ಲಿ ತೂಕ ಹೆಚ್ಚಿದ್ದ 322 ಮಕ್ಕಳನ್ನು 24 ವಾರ ಗಮನಿಸಿದರು. ಕುಣಿಯುವ ಆಟ ಪಡೆದವರ ತೂಕದ ಪ್ರಮಾಣದಲ್ಲಿ ಸಣ್ಣದಾದರೂ ಒಳ್ಳೆಯ ವ್ಯತ್ಯಾಸ ಕಂಡಿತು. ನನಗೆ ಮುಖ್ಯವೆನಿಸಿದ್ದು ಇದರ ಮುಂದಿನ ವರ್ಷ ಅಮೆರಿಕದ ಹ್ಯೂಸ್ಟನ್ನಿನಲ್ಲಿ ಟಾಮ್ ಬರನೋವ್ಸ್ಕಿ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ. 9ರಿಂದ 12 ವಯಸ್ಸಿನ 78 ಮಕ್ಕಳಿಗೆ ವೀ ಯಂತ್ರ ಕೊಟ್ಟು, ಕೆಲವರಿಗೆ ಕುಣಿಯುವ ಆಟ, ಉಳಿದವರಿಗೆ ಕುಳಿತಾಡುವ ಆಟ ಕೊಟ್ಟರು. ಇಷ್ಟು ಹೊತ್ತು ಆಡಿ ಎಂಬ ಕಟ್ಟಳೆ ಇರಲಿಲ್ಲ. ಸೊಂಟಕ್ಕೆ ಕಟ್ಟಿದ ಮಾಪಕ 13 ವಾರಗಳ ಕೊನೆಗೆ ಹೇಳಿದ್ದೇನು? ಎರಡು ಗುಂಪಿನ ಚಲನವಲನದಲ್ಲಿ ವ್ಯತ್ಯಾಸವೇ ಇಲ್ಲ! 2016ರಲ್ಲಿ ಜಗತ್ತನ್ನೇ ಬೀದಿಗಿಳಿಸಿದ 'ಪೋಕೆಮಾನ್ ಗೋ' ಆಟದ್ದೂ ಇದೇ ಪಾಡು. ಮೊಬೈಲ್ ಹಿಡಿದು ನಡೆದವರ ಹೆಜ್ಜೆಗಳು ಮೊದಲ ವಾರ ದಿನಕ್ಕೆ 955ರಷ್ಟು ಹೆಚ್ಚಿದವು, ಆರನೆಯ ವಾರದ ಹೊತ್ತಿಗೆ ಮೊದಲಿದ್ದಲ್ಲಿಗೇ ಬಂದು ನಿಂತವು. ಅವರು ಮಕ್ಕಳಲ್ಲ, ಯುವಕರು ಎಂಬುದು ಬೇರೆ ಮಾತು.

ಮೂವತ್ತು ವರ್ಷ ತರಗತಿಯ ಕಿಟಕಿಯಿಂದ ಮಕ್ಕಳ ಆಟ ನೋಡಿದವನಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಕಬಡ್ಡಿಗೆ ಒಂದು ಕಡೆಗೆ ಏಳು ಜನ ಬೇಕು, ಖೋ ಖೋದಲ್ಲಿ ಅಟ್ಟುವ ತಂಡಕ್ಕೆ ಒಂಬತ್ತು. ಒಬ್ಬ ಬಾರದಿದ್ದರೆ ಆಳು ಕಡಿಮೆ. ಆದ್ದರಿಂದ ಉಳಿದವರು ಮನೆ ಬಾಗಿಲಿಗೇ ಬಂದು ಕೂಗುತ್ತಿದ್ದರು. ಹುಡುಗನಿಗೆ ಮನಸ್ಸಿಲ್ಲದಿದ್ದರೂ ಹೋಗಲೇಬೇಕು. ಅವನನ್ನು ಓಡಿಸುತ್ತಿದ್ದುದು ಆಟದ ಸೊಗಸಷ್ಟೇ ಅಲ್ಲ, ಕಾಯುತ್ತಿದ್ದ ಗೆಳೆಯರು. ಯಂತ್ರಕ್ಕೆ ಯಾರೂ ಬೇಕಾಗಿಲ್ಲ. ಗುಂಡಿ ಒತ್ತಿ ಆರಿಸಿದರೆ ಅದಕ್ಕೆ ಬೇಸರವೂ ಇಲ್ಲ. ಹೊಸತನ ಇರುವವರೆಗೆ ಕುಣಿತ, ಆಮೇಲೆ ಕಪಾಟು. ಕೈನೆಕ್ಟ್ ತಯಾರಿಕೆಯನ್ನೂ 2017ರಲ್ಲಿ ನಿಲ್ಲಿಸಿದರು.

ಹಾಗೆಂದು ಕೇಳಿದವರಿಗೆ ನಾನು "ಬೇಡ" ಎನ್ನುವುದಿಲ್ಲ. ನ್ಯಾಮತಿಯ ಕಡೆ ಮಳೆ ಹಿಡಿದರೆ ವಾರಗಟ್ಟಲೆ ಶಾಲೆಯ ಅಂಗಳ ಕೆಸರು. ಆಗ ಡ್ರಿಲ್ ಅವಧಿಯನ್ನು ಗಣಿತಕ್ಕೆ ಕೊಡುವುದು ವಾಡಿಕೆ. ಅಂಥ ದಿನ ಒಂದು ಕೊಠಡಿಯಲ್ಲಿ, ದೈಹಿಕ ಶಿಕ್ಷಕರ ಎದುರು, ಇಪ್ಪತ್ತು ಮಕ್ಕಳು ಸರದಿಯಲ್ಲಿ ನಿಂತು ಚಪ್ಪಾಳೆ ತಟ್ಟುತ್ತ ಆಡುವುದಾದರೆ ಯಂತ್ರಕ್ಕೂ ಒಂದು ಕಣ ಸಿಕ್ಕಂತಾಗುತ್ತದೆ. ಹಾಗೆಯೇ ಎಂಟನೆಯ ತರಗತಿ ದಾಟಿದೊಡನೆ ಹೊರಗೆ ಓಡಬಾರದೆಂದು ಮನೆಯವರು ಕಟ್ಟಿಹಾಕುವ ಹುಡುಗಿಯರು ನಮ್ಮಲ್ಲಿ ಈಗಲೂ ಇದ್ದಾರೆ. ಅವರ ಮನೆಯಲ್ಲಿ ಬಾಗಿಲು ಮುಚ್ಚಿಯಾದರೂ ಜಿಗಿಯಲು ಒಂದು ಚಾಪೆ ಇರಲಿ. ಆದರೆ ಅದನ್ನು ತರುವ ತಂದೆಗೆ ನಾನು ತಪ್ಪದೆ ಕೇಳುವುದುಂಟು: ಪಕ್ಕದ ಮನೆಯ ಹುಡುಗಿಯನ್ನೂ ಜೊತೆಗೆ ಕರೆಯುತ್ತೀರಾ, ಮತ್ತು ಆ ಬಾಗಿಲನ್ನು ಎಂದು ತೆರೆಯುತ್ತೀರಿ?